ನನ್ನ ಕುರ್ಚಿಯಲ್ಲಿ ಕೂತ ಗಂಡ

ನಮ್ಮ ಬೀದಿಗೆ ಬಾವಿ ಬೇಡವೆಂದು ಪಂಚಾಯಿತಿಯಲ್ಲಿ ಕೈ ಎತ್ತಿದವಳು ನಾನೇ. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ರಾಗಿ ಬೀಸುತ್ತಿದ್ದೆ.

ಹೆಂಗಸರೂ ಪಂಚಾಯಿತಿಯಲ್ಲಿರಬೇಕೆಂದು ಸರ್ಕಾರ ಹೇಳಿತ್ತು. ಸಾವಿರದ ಒಂಬೈನೂರ ಅರವತ್ತರ ಆಸುಪಾಸು, ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ನನ್ನನ್ನು ಮೆಂಬರು ಮಾಡಿದರು. ಸಭೆಗೆ ಮಾತ್ರ ನನ್ನ ಗಂಡ ಹೋಗಿ ನನ್ನ ಕುರ್ಚಿಯಲ್ಲಿ ಕೂರುತ್ತಿದ್ದರು. ಹಾಜರಿಗೆ ನನ್ನ ಹೆಸರು ಕೂಗಿದರೆ ಮೀಸೆ ಸವರಿಕೊಂಡು, ‘ಬಂದಿವ್ನಿ ಸಾ’ ಎನ್ನುತ್ತಿದ್ದರಂತೆ. ಯಾರೂ ನಗುತ್ತಿರಲಿಲ್ಲವಂತೆ.

ನಾನು ದಿನವೂ ಕೆರೆಯಾಚೆಯಿಂದ ನೀರು ಹೊರುತ್ತಿದ್ದೆ. ಊರಿಗೆ ಮಂಜೂರಾದದ್ದು ಒಂದೇ ಬಾವಿ. ಅದನ್ನು ಚೇರ್ಮನ್ನರ ಹಿತ್ತಲಿನಲ್ಲಿ ತೋಡಿಸಲು ನಾನು ಒಪ್ಪಿದೆನೆಂದು ಗಂಡನೇ ಬಂದು ಹೇಳಿದರು.

‘ನಮ್ ಬೀದಿಗೆ ಕೇಳ್ಲಿಲ್ವಾ?’

‘ಚೇರ್ಮನ್ರು ಕಾಪಿ ಕೊಡ್ಸುದ್ರು ಕಣಮ್ಮಿ. ಎಂಗೆ ಆಗಲ್ಲ ಅನ್ನಾದು?’

‘ಅಂಗಾರೆ ಅಲ್ಲಿ ನೀವೇ ನಾನಾ?’

‘ಊಂ ಮತ್ತೆ. ಕುರ್ಚಿ ಮ್ಯಾಲೆ ಕೂತ್ಮೇಲೆ ನಾನೇ ನೀನು.’

ಮಾರನೆಯ ಬೆಳಗ್ಗೆ ಅವರ ತಲೆಗೆ ಸಿಂಬೆಯಿಟ್ಟು, ಮೇಲೆ ಬಿಂದಿಗೆ ಕೂರಿಸಿ ಕೆರೆಯಾಚೆಗೆ ಕಳಿಸಿದೆ. ಆಮೇಲೆ ಅವರ ಟವಲು ಹೆಗಲಿಗೆ ಹಾಕಿಕೊಂಡು, ಜಗಲಿಯ ಮೇಲೆ ಕೂತು ಕಾಪಿ ಕುಡಿದೆ.