ಚಟಪಟದ ಬಣ್ಣ

ರಾಯಪುರಂನಲ್ಲಿರುವ ನಮ್ಮಣ್ಣನ ಹೋಟೆಲಿನಲ್ಲಿ ಅಡುಗೆ ಭಟ್ಟರು ಒಗ್ಗರಣೆಯನ್ನು ಕಿವಿಯಿಂದ ಮಾಡುತ್ತಾರೆ. ಬೆನ್ನು ಒಲೆಗೆ, ಮುಖ ಮಾಣಿಗಳ ಕಡೆಗೆ, ಬಾಯಲ್ಲಿ ಬೈಗುಳ. ಸಾಸಿವೆ ಸಿಡಿದದ್ದು ಕೇಳಿಸಿತೋ, ತಿರುಗಿ ಉದ್ದಿನಬೇಳೆ ಹಾಕುತ್ತಾರೆ. ಇಂಥವರಿಂದ ಕಿವಿ ಕೇಳಿಸದವರಿಗೆ ಪಾಠ ಮಾಡಿಸಬೇಕೆಂಬುದು ನನ್ನದೇ ಆಲೋಚನೆ.

ಪೆರುಂಗುಡಿಯ ಕಚೇರಿಯೊಂದರಲ್ಲಿ ಪಾಠದ ವೀಡಿಯೋಗಳಿಗೆ ತಮಿಳು ಸಬ್‌ಟೈಟಲ್ ಬರೆಯುವುದು ನನ್ನ ಕೆಲಸ. ತಿರುವೊಟ್ಟಿಯೂರಿನ ಕಡೆ ಕಿವಿ ಕೇಳಿಸದ ಹುಡುಗ ಹುಡುಗಿಯರಿಗೆ ಅಡುಗೆ ಕಲಿಸುವ ತರಗತಿಯೊಂದಿದೆ, ನಮ್ಮ ವೀಡಿಯೋಗಳು ಅಲ್ಲಿಗೂ ಹೋಗುತ್ತವೆ. ಅಲ್ಲಿಯ ಒಬ್ಬ ಹುಡುಗಿಗೆ ಒಲೆಯ ಮುಂದೆ ನಿಲ್ಲುವ ಕೆಲಸವೇ ಬೇಕಿತ್ತು. ಹೋದ ಹೋಟೆಲುಗಳಲ್ಲೆಲ್ಲ ಈರುಳ್ಳಿ ಹೆಚ್ಚಲು ಕೂರಿಸುತ್ತಿದ್ದರು. ಅಣ್ಣನನ್ನು ಕೇಳಿದೆ.

"ತಿಂಗಳ ಕೊನೆಗೆ ಬಂದು ಸಾಂಬಾರಿಗೆ ಒಂದು ಒಗ್ಗರಣೆ ಹಾಕ್ಲಿ. ಸರಿ ಆದ್ರೆ ಒಲೆ. ಇಲ್ಲದಿದ್ರೆ ಇಲ್ಲಿಯೂ ಈರುಳ್ಳಿ ಉಂಟು" ಎಂದ.

ಭಟ್ಟರಿಗೆ ಸನ್ನೆ ಭಾಷೆ ಬರುವುದಿಲ್ಲ, ಬೈಗುಳದ ಸನ್ನೆಗಳು ಮಾತ್ರ ಬರುತ್ತವೆ. ಆದ್ದರಿಂದ ಅವರ ಒಗ್ಗರಣೆಯ ವೀಡಿಯೋ, ಅದಕ್ಕೆ ನನ್ನ ಬರಹ.

ಮೊದಲ ವೀಡಿಯೋಗೆ ನಾನು ಬಹಳ ಶ್ರಮಪಟ್ಟೆ. ಕೇಳಿಸುವ ಸದ್ದನ್ನೆಲ್ಲ ಬರೆಯಬೇಕೆಂಬುದು ನಮ್ಮ ಕಸುಬಿನ ನಿಯಮ. ನನ್ನ ಕನ್ನಡವೋ ಅಜ್ಜಿಯ ಅಡುಗೆಮನೆಯದು. ಅಲ್ಲಿ ಸಾಸಿವೆ ಚಟಪಟ, ಕಾವಲಿ ಚುಂಯ್, ಸಾರು ಕೊತಕೊತ. ಚುಂಯ್‌ಗೆ ತಕ್ಕ ತಮಿಳು ಹುಡುಕುವುದರಲ್ಲಿ ಒಂದು ಇಡೀ ಮಧ್ಯಾಹ್ನ ಹೋಯಿತು. ಸಿಕ್ಕಾಗ ನನಗೆ ನನ್ನ ಮೇಲೆ ಅಭಿಮಾನವೇ ಉಕ್ಕಿತು.

ಹುಡುಗಿ ನಮ್ಮ ಮನೆಗೆ ಬಂದು ವೀಡಿಯೋ ನೋಡಿದಳು. ಮುಗಿದ ಮೇಲೆ ಫೋನಿನಲ್ಲಿ ತಮಿಳಿನಲ್ಲಿ ಬರೆದು ನನ್ನ ಮುಂದೆ ಹಿಡಿದಳು: "ಆಂಟಿ, ಚಟಪಟ ಅಂದರೆ ಯಾವ ಬಣ್ಣ?"

ಅದರ ಕೆಳಗೆ ಇನ್ನೊಂದು ಸಾಲು: "ಓದುವಷ್ಟರಲ್ಲಿ ಅವರ ಕೈ ಏನು ಮಾಡಿತೆಂದು ನೋಡಲಾಗುವುದಿಲ್ಲ."

ಎರಡನ್ನೂ ಭಟ್ಟರಿಗೆ ಒಪ್ಪಿಸಿದೆ.

"ಬಣ್ಣ ಅಂದ್ರೆ ಎಂಥದು ಮಾರಾಯ್ತಿ? ಸಾಸಿವೆ ಕಪ್ಪು. ಡಬ್ಬಿಯಲ್ಲೂ ಕಪ್ಪು, ಎಣ್ಣೆಯಲ್ಲೂ ಕಪ್ಪು."

"ಒಮ್ಮೆ ಕಿವಿ ಮುಚ್ಚಿಕೊಂಡು ಮಾಡಿ ಭಟ್ರೆ."

"ಕಣ್ಣು ಮುಚ್ಚಿಕೊಂಡು ಬೇಕಾದ್ರೆ ಮಾಡ್ತೇನೆ."

ಕೊನೆಗೆ ನಮ್ಮ ಮನೆಗೆ ಬಂದರು. ಕಿವಿಗೆ ಹತ್ತಿ ತುರುಕಿ, ಮೇಲೆ ನನ್ನ ಕಚೇರಿಯ ದೊಡ್ಡ ಹೆಡ್‌ಫೋನ್ ಏರಿಸಿ, ನಮ್ಮ ಒಲೆಯ ಮುಂದೆ ನಿಲ್ಲಿಸಿದೆ. ಎಣ್ಣೆಗೆ ಸಾಸಿವೆ ಹಾಕಿದವರೇ ಅಭ್ಯಾಸದಂತೆ ಬೆನ್ನು ತಿರುಗಿಸಿ ನನಗೆ ಹೋಟೆಲಿನ ಸುದ್ದಿ ಹೇಳತೊಡಗಿದರು. ಹೊಗೆ ಮೂಗಿಗೆ ಬಡಿದಾಗ ತಿರುಗಿದರು.

"ನಿಮ್ಮ ಮನೆಯ ಸಾಸಿವೆ ಸರಿ ಇಲ್ಲ!" ಎಂದರು. ಕಿವಿ ಮುಚ್ಚಿತ್ತಲ್ಲ, ದನಿ ಏರಿತ್ತು; ಎದುರುಮನೆಯವರು ಕಿಟಕಿ ತೆರೆದು ನೋಡಿದರು.

ಮತ್ತೊಮ್ಮೆ ಹಾಕಿದಾಗಲೂ ತಪ್ಪು ಸಾಸಿವೆಯದೇ. ಆಮೇಲೆ ಸುದ್ದಿ ನಿಲ್ಲಿಸಿ, ಸೊಂಟ ಬಗ್ಗಿಸಿ, ಬಾಣಲೆಯನ್ನು ನೋಡಿದರು. ಭಟ್ಟರು ಬಾಣಲೆ ನೋಡಿದ್ದನ್ನು ನಾನು ಕಂಡದ್ದು ಆವತ್ತೇ ಮೊದಲು.

"ಇದು ಹಾರ್ತದೆ ಮಾರಾಯ್ತಿ! ಮೊದ್ಲು ಒಂದೊಂದು, ಮತ್ತೆ ಎಲ್ಲ ಒಟ್ಟಿಗೆ. ಈಗ ನೋಡು, ಹಾರೋದು ಕಮ್ಮಿ ಆಯ್ತು. ಬೂದಿ ಬಣ್ಣ ಬಂತು. ಈಗ ಬೇಳೆ!"

"ಎಣ್ಣೆಯಲ್ಲೂ ಕಪ್ಪು ಅಂದಿದ್ರಲ್ಲ?" ಎಂದೆ. ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದವರಂತಿರಲು ಹೆಡ್‌ಫೋನ್ ಒಳ್ಳೆಯ ನೆಪವಾಯಿತು.

ಹೊಸ ವೀಡಿಯೋದಲ್ಲಿ ಸದ್ದಿನ ಮಾತೇ ಇಲ್ಲ. ಮೊದಲು ಬರಹ, ಓದಿ ಮುಗಿಸುವಷ್ಟು ಹೊತ್ತು. ಆಮೇಲೆ ಬರಹ ಮಾಯವಾಗಿ ಹತ್ತಿರದಿಂದ ಭಟ್ಟರ ಕೈ, ಬಾಣಲೆ. "ಹಾರುವುದು ಕಡಿಮೆಯಾದಾಗ ಬೇಳೆ." ಕೈ. "ಒಂದು ಚಿಟಿಕೆ ಇಂಗು." ಕೈ. ಹುಡುಗಿ ಅದನ್ನು ಮನೆಗೆ ಒಯ್ದಳು.

ಅಣ್ಣ ಹೇಳಿದ ದಿನ ಮಧ್ಯಾಹ್ನದ ಊಟಕ್ಕೆ ಮೊದಲು ಅವಳು ಹೋಟೆಲಿನ ಒಲೆಯ ಮುಂದೆ ನಿಂತಳು. ಸಾಸಿವೆ ಬಿತ್ತು. ಹಿಂದೆ ನಿಂತಿದ್ದ ಭಟ್ಟರು ತಡೆಯಲಾರದೆ "ಈಗ! ಈಗ!" ಎಂದು ಅವಳ ಬೆನ್ನಿಗೆ ಕೂಗಿದರು. ಹಿಟ್ಟು ರುಬ್ಬುತ್ತಿದ್ದವನು ಬೆಚ್ಚಿಬಿದ್ದು ಗ್ರೈಂಡರ್ ನಿಲ್ಲಿಸಿದ. ಹುಡುಗಿ ಬಾಣಲೆಯ ಮೇಲೆ ಬಗ್ಗಿಯೇ ಇದ್ದಳು. ಹಾರಾಟ ಇಳಿದ ಮೇಲೆ ಬೇಳೆ, ಒಣಮೆಣಸು, ಕರಿಬೇವು, ಇಂಗು ಹಾಕಿ ಎಲ್ಲವನ್ನೂ ಸಾಂಬಾರಿಗೆ ಸುರಿದಳು.

ಅಣ್ಣ ಲೋಟದಲ್ಲಿ ತೆಗೆದುಕೊಂಡು ಕುಡಿದ. "ಇಂಗು ಜಾಸ್ತಿ" ಎಂದು ಹುಬ್ಬು ಗಂಟಿಕ್ಕಿದ. ಅವನ ಮುಖವನ್ನೇ ನೋಡುತ್ತಿದ್ದ ಹುಡುಗಿಯ ಮುಖ ಸಣ್ಣಗಾಯಿತು. ಅವನು ಇನ್ನೊಂದು ಗುಟುಕು ಕುಡಿದು ಭಟ್ಟರ ಕಡೆ ತಿರುಗಿದ.

"ಭಟ್ರೆ, ಇದು ನಿಮ್ಮದೇ ಸಾಂಬಾರು."

ಇಂಗು ಜಾಸ್ತಿ ಎಂದು ಅಣ್ಣ ಹೇಳುವುದು, ಚಿಟಿಕೆ ಮಾತ್ರ ಎಂದು ಭಟ್ಟರು ಹೇಳುವುದು ನಮ್ಮ ಹೋಟೆಲಿನಷ್ಟೇ ಹಳೆಯ ವ್ಯಾಜ್ಯ. ನಾನು ಫೋನು ತೆಗೆದು ವೀಡಿಯೋ ಹಾಕಿದೆ. ಭಟ್ಟರ ಐದೂ ಬೆರಳು ಇಂಗಿನ ಡಬ್ಬಿಯೊಳಗೆ ಹೋಗಿ ತುಂಬಿಕೊಂಡು ಬಂದವು. ಹುಡುಗಿ ನನ್ನ ಬರಹ ಓದಿದ್ದಳು, ನಂಬಿದ್ದು ಮಾತ್ರ ಆ ಕೈಯನ್ನು.

"ಇದು ಚಿಟಿಕೆಯಾ ಭಟ್ರೆ?" ಎಂದ ಅಣ್ಣ.

"ಕ್ಯಾಮೆರಾದಲ್ಲಿ ಎಲ್ಲ ದೊಡ್ಡದು ಕಾಣ್ತದೆ."

ಅಣ್ಣ ನನಗೆ, "ನಾಳೆಯಿಂದ ಒಲೆಗೆ ಬರ್ಲಿಕ್ಕೆ ಹೇಳು" ಎಂದ. ನಾನು ಬರೆದು ತೋರಿಸಿದೆ. ಅವಳು ಓದಿದಳು, ಮತ್ತೊಮ್ಮೆ ಓದಿದಳು, ಸೆರಗಿನಂತೆ ಹೊದ್ದ ದುಪಟ್ಟಾದಿಂದ ಮುಖ ಒರೆಸಿಕೊಂಡು ಬರೆದಳು: "ಇಂಗು ಬರೆದ ಹಾಗೆ ಹಾಕಲೋ, ಅವರ ಕೈಯ ಹಾಗೋ?"

ನಾನು ಓದಿ ಹೇಳಿದೆ. ಅಣ್ಣನೂ ಭಟ್ಟರೂ ಒಟ್ಟಿಗೆ ಬಾಯಿ ತೆರೆದು, ಒಟ್ಟಿಗೆ ಕೂಗಾಡತೊಡಗಿದರು. ಅವಳು ಸ್ವಲ್ಪ ಹೊತ್ತು ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಇಂಗಿನ ಡಬ್ಬಿಯನ್ನು ಎತ್ತಿ, ಭಟ್ಟರಿಗೆ ಎಟುಕದ ಹಲಗೆಯ ಮೇಲಿಟ್ಟಳು.