ಕಚ್ಚು ಹೊಡೆಯದ ಚಾವಣಿ

ಊರಿನವರೆಲ್ಲ ಅವಳನ್ನು ಕರೆಯುತ್ತಿದ್ದುದು ಗಾರೆ ಅಕ್ಕ ಎಂದೇ. ನೀರು ಕುಡಿದು ಉಬ್ಬಿದ ಗೋಡೆ, ಬೂಷ್ಟು ಹಿಡಿದ ಮೂಲೆ, ಪುಡಿ ಉದುರುವ ಚಾವಣಿ, ಇಂಥವಕ್ಕೆಲ್ಲ ಅವಳೇ ಬರಬೇಕು. ಬಣ್ಣ ಬಳಿದು ಮುಚ್ಚಿಬಿಡು ಎಂದವರಿಗೆ, "ಹುಣ್ಣಿನ ಮೇಲೆ ಪೌಡರ್ ಹಚ್ಚಿದ್ರೆ ವಾಸಿ ಆಗತ್ತಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುವ ಬಾಯಿ ಅವಳದು. ಆ ಬಾಯಿ ಒಂದೇ ಒಂದು ದಿನ ಕಟ್ಟಿಹೋಗಿತ್ತು.

ಆ ದಿನ ಅವಳನ್ನು ಕರೆಸಿದ್ದು ನಿವೃತ್ತಳಾದ ಒಬ್ಬ ನರ್ಸಮ್ಮ. ಕೆಳಗಿನ ಮನೆಯಲ್ಲಿ ನರ್ಸಮ್ಮನೂ, ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ ಆಕೆಯ ತಮ್ಮನೂ ಇದ್ದರು. ಮೇಲಿನ ಮನೆ ಒಬ್ಬ ದರ್ಜಿಗೆ ಬಾಡಿಗೆಗೆ ಹೋಗಿತ್ತು.

"ಅವನ ಬಚ್ಚಲಿನ ನೀರೇ ಇದು. ಈ ತಿಂಗಳೊಳಗೆ ಖಾಲಿ ಮಾಡು ಅಂತ ಬೆಳಗ್ಗೆಯೇ ಹೇಳಿಬಿಟ್ಟೆ," ಎನ್ನುತ್ತಾ ನರ್ಸಮ್ಮ ತಮ್ಮನ ಕೋಣೆಯ ಬಾಗಿಲು ತೆರೆದಳು.

ಮಂಚದ ನೇರಕ್ಕೆ, ಮೇಲೆ, ಚಹಾ ಚೆಲ್ಲಿದಂಥ ದೊಡ್ಡ ಕಲೆ. ಗಾರೆ ಅಕ್ಕನ ಕಣ್ಣು ಕಲೆಯಿಂದ ಜಾರಿ ಮೂಲೆಗೆ ಹೋಯಿತು. ಗೋಡೆಯೂ ಚಾವಣಿಯೂ ಕೂಡುವ ಕಡೆ ಗಾರೆಯನ್ನು ಗಾಜಿನ ಬಾಟಲಿಯಿಂದ ಉಜ್ಜಿ ದುಂಡಗೆ ಮಾಡಲಾಗಿತ್ತು. ಆ ಬಾಟಲಿ ಹಿಡಿದಿದ್ದ ಕೈ ಅವಳದೇ; ಹೊರಗೆಲ್ಲ ಬದಲಾಗಿದ್ದ ಮನೆಯ ಗುರುತು ಅವಳಿಗೆ ಆವರೆಗೂ ಸಿಕ್ಕಿರಲಿಲ್ಲ. ಹನ್ನೆರಡು ವರ್ಷದ ಹಿಂದೆ, ಈ ಮನೆ ಇನ್ನೊಬ್ಬರದಾಗಿದ್ದಾಗ, ಮಣ್ಣು ಹೊರುತ್ತಿದ್ದ ಅವಳಿಗೆ ಮೇಸ್ತ್ರಿ ಮೊದಲ ಬಾರಿ ಗಾರೆ ಬಳಿಯುವ ಕರಣೆ ಕೊಟ್ಟಿದ್ದು ಇದೇ ಕೋಣೆಯಲ್ಲಿ.

ಅವಳು ಅದನ್ನು ಹೇಳದೆ ಸ್ಟೂಲು ಹತ್ತಿ ತನ್ನ ಕೈಯ ಬೆತ್ತದ ತುದಿಯಿಂದ ತಟ್ಟಿದಳು. ಬಾಗಿಲ ಕಡೆ ಗಟ್ಟಿ ಸದ್ದು. ಮಂಚದ ಮೇಲೆ ಬರುತ್ತಿದ್ದ ಹಾಗೆ ಡಬ್ ಡಬ್ ಎಂದಿತು, ಖಾಲಿ ಡಬ್ಬದ ಹಾಗೆ. ಮಲಗಿದ್ದವನ ಕನ್ನಡಕದ ಮೇಲೆ ಸುಣ್ಣದ ಪುಡಿ ಉದುರಿತು.

"ಅಮ್ಮಾ, ಇವರನ್ನ ಈಗಿಂದೀಗ್ಲೇ ಆಚೆ ಕರ್ಕೊಂಡು ಹೋಗ್ಬೇಕು."

"ಅಲ್ಲಾಡಿಸ್ಬೇಡಿ ಅಂದಿದಾರೆ ಡಾಕ್ಟರು. ಮಂಚ ಈ ಬಾಗಿಲಲ್ಲಿ ಹಿಡಿಯೋದೂ ಇಲ್ಲ. ನೀನು ಮೇಲೆ ಏನಾದ್ರೂ ಮೆತ್ತು, ಸಾಕು."

ಆಕೆ ಹೇಳಿ ಮುಗಿಸುವ ಮೊದಲೇ ಕಲೆಯ ಅಂಚಿನಲ್ಲೊಂದು ಬಿರುಕು ಫ್ಯಾನಿನ ಕಡೆಗೆ ಓಡಿತು. ಗಾರೆ ಅಕ್ಕ ಗೋಡೆಗೆ ಒರಗಿಸಿದ್ದ ತನ್ನ ಕೆಲಸದ ಹಲಗೆಯನ್ನು ಎಳೆದುಕೊಂಡು, ಎರಡೂ ಅಂಗೈಯಿಂದ ಚಾವಣಿಗೆ ಒತ್ತಿ ನಿಂತಳು. ಭಾರ ನೇರ ಹೆಗಲಿಗಿಳಿಯಿತು.

"ನನ್ ಕೈ ಎಷ್ಟ್ ಹೊತ್ತು ತಡೆಯತ್ತೋ ಗೊತ್ತಿಲ್ಲ. ಯಾರನ್ನಾದ್ರೂ ಕೂಗಿ."

ಕೂಗಲು ಇದ್ದವನು ಒಬ್ಬನೇ. ನರ್ಸಮ್ಮ ಒಂದು ಗಳಿಗೆ ತಡೆದಳು. ಆಮೇಲೆ ಮೆಟ್ಟಿಲ ಬುಡಕ್ಕೆ ಓಡಿ ದರ್ಜಿಯನ್ನು ಕರೆದಳು. ಬೆಳಗ್ಗೆ ಬೈಸಿಕೊಂಡಿದ್ದ ಮನುಷ್ಯ ಕೊರಳಲ್ಲಿ ಅಳತೆ ಪಟ್ಟಿ ನೇತಾಡುತ್ತಿದ್ದ ಹಾಗೇ ದಡದಡ ಇಳಿದು ಬಂದ.

"ದುಪ್ಪಟಿಯ ಆ ಕಡೆ ಹಿಡಿ. ಸೊಂಟ ಬಾಗಬಾರ್ದು. ನಾನು ಮೂರು ಅಂದಾಗ ಎತ್ತು." ನರ್ಸಮ್ಮನ ದನಿಗೆ ಮೂವತ್ತು ವರ್ಷದ ಆಸ್ಪತ್ರೆ ವಾಪಸು ಬಂದಿತ್ತು.

"ಅಕ್ಕಾ, ಮೆಲ್ಲಗೆ," ಎಂದ ತಮ್ಮ ಹಲ್ಲು ಕಚ್ಚಿಕೊಂಡು.

ಹಲಗೆಯ ಸಂದಿನಿಂದ ಕೆಸರು ನೀರು ಗಾರೆ ಅಕ್ಕನ ತೋಳಿಗುಂಟ ಕಂಕುಳಿಗೆ ಇಳಿಯುತ್ತಿತ್ತು. ದುಪ್ಪಟಿ ಹೊಸಿಲು ದಾಟಿದ್ದನ್ನು ಕಂಡಳೋ ಇಲ್ಲವೋ, ಹಲಗೆ ಬಿಟ್ಟು ಬಾಗಿಲ ಕಡೆಗೆ ಹಾರಿದಳು. ಹಿಂದೆಯೇ ಚಾವಣಿಯ ಗಾರೆ ಕಳಚಿ ಬಿತ್ತು. ಮಂಚದ ತಲೆದಿಂಬು ಇದ್ದ ಕಡೆ ಗೇಣೆತ್ತರದ ರಾಶಿ.

ತಮ್ಮನನ್ನು ನಡುಮನೆಯ ಚಾಪೆಯ ಮೇಲೆ ಮಲಗಿಸಿ, ನಾಡಿ ನೋಡಿ, ನರ್ಸಮ್ಮ ದರ್ಜಿಯ ಕಡೆ ತಿರುಗಿದಳು. ಸಹಾಯಕ್ಕೆ ಬಂದವನೆಂಬುದನ್ನೂ ಹೆದರಿಕೆ ಮರೆಸಿತ್ತು.

"ನೋಡಿದೆಯಾ ನಿನ್ನ ನೀರು ಮಾಡಿದ ಕೆಲಸ? ತಿಂಗಳಲ್ಲ, ಈ ವಾರವೇ ಜಾಗ ಖಾಲಿಯಾಗ್ಬೇಕು."

ಗಾರೆ ಅಕ್ಕ ಬಿದ್ದ ಚೂರೊಂದನ್ನು ಮಗುಚಿ ನೋಡಿದಳು. ಅದರ ಬೆನ್ನು ಸ್ಲೇಟಿನಂತೆ ನುಣುಪಾಗಿತ್ತು. ಗಾರೆ ಕಚ್ಚಿ ಹಿಡಿಯಲೆಂದು ಅಂದು ಕಾಂಕ್ರೀಟಿಗೆ ಉಳಿಯಿಂದ ಕಚ್ಚು ಹೊಡೆದು ಒರಟು ಮಾಡಿರಲಿಲ್ಲ. "ಕಚ್ಚು ಹೊಡೀಬೇಕಲ್ವಾ?" ಎಂದು ಅವಳೇ ಕೇಳಿದ್ದಳು. "ತಲೆ ಎತ್ತಿ ಯಾರು ನೋಡ್ತಾರೆ, ಹಚ್ಚು," ಎಂದಿದ್ದ ಮೇಸ್ತ್ರಿ. ಸಿಕ್ಕ ಕರಣೆ ಮತ್ತೆ ಕೈತಪ್ಪೀತೆಂದು ಹಚ್ಚಿದ್ದಳು. ಮೇಸ್ತ್ರಿ ಈಗ ಬದುಕಿಲ್ಲ, ಆ ಹಳೆಯ ಮಾಲೀಕ ಎಲ್ಲಿದ್ದಾನೋ. ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರಿಲ್ಲ. ದರ್ಜಿ ಅಳತೆ ಪಟ್ಟಿಯನ್ನು ಸುಮ್ಮನೆ ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದ.

ಗಾರೆ ಅಕ್ಕ ಆ ಚೂರನ್ನು ನರ್ಸಮ್ಮನ ಮುಂದೆ ಹಿಡಿದಳು. "ಅಮ್ಮಾ, ನೀರು ಇಳಿದಿದ್ದು ನಿಜ. ಆದ್ರೆ ಬರೀ ನೀರಿಗಾದ್ರೆ ಗಾರೆ ಉಬ್ಬತ್ತೆ, ಪುಡಿಯಾಗತ್ತೆ. ಹಿಂಗೆ ಹಲಗೆ ಹಲಗೆಯಾಗಿ ಕಳಚಲ್ಲ. ಇದಕ್ಕೆ ಕಚ್ಚೇ ಹೊಡೆದಿಲ್ಲ. ಇದನ್ನ ಹಚ್ಚಿದವಳು ನಾನೇ."

ನರ್ಸಮ್ಮ ಅವಳನ್ನೇ ನೋಡಿದಳು. ಬೈಗುಳಕ್ಕೆ ಗಾರೆ ಅಕ್ಕ ತಯಾರಾಗಿದ್ದಳು. ಬಂದದ್ದು ಬೈಗುಳವಲ್ಲ.

"ಹಿಂಗೇ ಇನ್ನೆಷ್ಟು ಮನೆಗೆ ಹಚ್ಚಿದೀಯಾ?"

"ಆ ವರ್ಷ ಇನ್ನೂ ನಾಲ್ಕು ಮನೆಗೆ."

"ಅಲ್ಲೂ ಜನ ಮಲಗ್ತಾರಲ್ಲ."

ಅಷ್ಟೇ ಹೇಳಿ ಆಕೆ ತಮ್ಮನಿಗೆ ನೀರು ತರಲು ಒಳಗೆ ಹೋದಳು. ಬರುವಾಗ ಎರಡು ಲೋಟ ತಂದಳು. ಒಂದನ್ನು ದರ್ಜಿಯ ಕೈಗಿಟ್ಟು, "ಖಾಲಿ ಮಾಡೋದು ಬೇಡ. ಪೈಪು ಎಲ್ಲಿ ಒಡೆದಿದೆ ನೋಡೋಣ," ಎಂದಳು. ಗಾರೆ ಅಕ್ಕನಿಗೆ ಲೋಟ ಇರಲಿಲ್ಲ.

ಒಡೆದಿದ್ದು ಗೋಡೆಯೊಳಗಿನ ಹಳೆಯ ಪೈಪು. ಅದನ್ನು ಬದಲಾಯಿಸಿ, ಕಿಟಕಿ ತೆರೆದಿಟ್ಟು, ಕಾಂಕ್ರೀಟು ಒಣಗಲು ಮೂರು ವಾರ ಬಿಟ್ಟರು. ಆಮೇಲೆ ಗಾರೆ ಅಕ್ಕ ಅಂಗೈಯಗಲ ಜಾಗವನ್ನೂ ಬಿಡದೆ ಕಚ್ಚು ಹೊಡೆದು ಹೊಸ ಗಾರೆ ಹಚ್ಚಿದಳು. ನರ್ಸಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ದಿನವೂ ನೋಡುತ್ತಾ ಕೂತಳು. ಕೆಲಸ ಮುಗಿದ ಮೇಲೆ ಬೆತ್ತ ಇಸಿದುಕೊಂಡು ತಾನೇ ತಟ್ಟಿ ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. ತಮ್ಮನ ಮಂಚವನ್ನು ಹಳೆಯ ಜಾಗಕ್ಕೇ ಎಳೆಸಿದಳು.

ಗಾರೆ ಅಕ್ಕ ಮರುದಿನವೇ ಆ ನಾಲ್ಕು ಮನೆಗೆ ಹೊರಟಳು. ಎರಡು ಮನೆಯ ಚಾವಣಿ ಗಟ್ಟಿಯಾಗಿತ್ತು. ಮೂರನೆಯದರಲ್ಲಿ ಅಡುಗೆಮನೆ ಡಬ್ ಡಬ್ ಎಂದಿತು. ಅಲ್ಲಿ ವಾರ ನಿಂತು, ಎಲ್ಲ ಕಿತ್ತು, ಹೊಸದಾಗಿ ಹಚ್ಚಿದಳು. ನಾಲ್ಕನೆಯ ಮನೆಯ ಯಜಮಾನ, "ಕೆಲಸ ಗಿಟ್ಟಿಸೋಕೆ ಹೊಸ ಉಪಾಯ," ಎಂದು ಬಾಗಿಲು ಹಾಕಿಕೊಂಡ. ಆ ಬಾಗಿಲಿಗೆ ಅವಳು ಇನ್ನೂ ಹೋಗುತ್ತಿದ್ದಾಳೆ, ತಿಂಗಳಿಗೊಮ್ಮೆ. ಹೋದ ಸಲ ಅವನ ಸೊಸೆ ಬಾಗಿಲು ಅರ್ಧ ತೆರೆದು, ಅಂದು ಹಚ್ಚಿದ್ದು ಯಾವ ಕೋಣೆಗೆ ಎಂದು ಕೇಳಿದಳಂತೆ.