ಮಾವನವರ ಬೆಕ್ಕು, ಮಹಾಲಯದ ಕಾಗೆ

ಗುಬ್ಬಿಯ ನಮ್ಮ ಮನೆಯಲ್ಲಿ ಬೆಕ್ಕಿಗೆ ವರ್ಷಕ್ಕೊಮ್ಮೆ ಸೆರೆವಾಸ. ಮಳೆ ಹಿಂದಾಗಿ ರಾಗಿ ತೆನೆ ಬಿಡುವ ಹೊತ್ತಿಗೆ, ಕೊಬ್ಬರಿಗೆಂದು ಅಟ್ಟದಲ್ಲಿ ಹರವಿದ ತೆಂಗಿನಕಾಯಿಗೆ ಇಲಿಗಳು ದಂಡೆತ್ತಿ ಬರುತ್ತಿದ್ದವು. ಒಂದು ಬೆಕ್ಕಿನಿಂದಾಗುವ ಕೆಲಸವಲ್ಲ. ಹುರಿಗಡಲೆ ಹಿಟ್ಟು, ಬೆಲ್ಲಕ್ಕೆ ಇಲಿ ಪಾಷಾಣ ಬೆರೆಸಿ ಉಂಡೆ ಕಟ್ಟಿ ಅಟ್ಟದಲ್ಲಿಡುತ್ತಿದ್ದರು. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದರ ಕಥೆಯೂ ಮುಗಿಯಿತು. ಆದ್ದರಿಂದ ಸತ್ತ ಇಲಿಗಳನ್ನೆಲ್ಲ ಹೆಕ್ಕಿ ಹೂಳುವವರೆಗೆ ನಾಲ್ಕೈದು ದಿನ ಅದು ಬಿದಿರಿನ ಮಂಕರಿಯ ಕೆಳಗೆ, ಮಂಕರಿಯ ಮೇಲೊಂದು ಗುಂಡುಕಲ್ಲು.

ಈ ಏರ್ಪಾಡೆಲ್ಲ ನನ್ನ ಮಾವನವರದ್ದು. ಬೆಕ್ಕೂ ಅವರದ್ದೇ. ನಾನು ತುಮಕೂರಿನಿಂದ ಸೊಸೆಯಾಗಿ ಬಂದ ಎರಡನೇ ವರ್ಷ, ಎಂಬತ್ತರ ದಶಕದ ಮೊದಲಲ್ಲಿ, ಅವರು ತೀರಿಕೊಂಡರು. ಉಂಡೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಉಂಡೆಯಿಟ್ಟು ಬೆಕ್ಕನ್ನು ಮುಚ್ಚಿದೆ. ಅದು ಕೂಗಲಿಲ್ಲ. ಮಂಕರಿಯ ಸಂದಿಯಿಂದ ಮಾವನವರ ಖಾಲಿ ಕುರ್ಚಿಯನ್ನೇ ನೋಡುತ್ತಿತ್ತು. ಆ ಕುರ್ಚಿಯ ಕೆಳಗೆ ಗುಡಿಸಲೂ ನನಗೆ ಹೆದರಿಕೆಯಾಯಿತು.

ಅಮಾವಾಸ್ಯೆಯ ದಿನ ಹಿತ್ತಿಲ ಗೋಡೆಯ ಮೇಲೆ ಎಡೆಯಿಟ್ಟೆವು. ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ದಿನವೂ ಕೈಯಿಂದ ಕಿತ್ತುಕೊಳ್ಳುವ ಕಾಗೆಗಳಲ್ಲಿ ಒಂದೂ ಇಲ್ಲ. ತೆಂಗಿನ ಗರಿ ಕೂಡ ಅಲ್ಲಾಡುತ್ತಿರಲಿಲ್ಲ. ಮಧ್ಯಾಹ್ನ ಇಳಿದ ಮೇಲೆ ಒಂದು ಬಂತು. ಎಲೆಯನ್ನು ನೋಡಿತು, ನಮ್ಮನ್ನು ನೋಡಿತು, ಸುಮ್ಮನೆ ಕೂತಿತು.

ಸತ್ತವರ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲವಂತೆ. ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ನನ್ನ ಗಂಡ ಕೈಮುಗಿದು, "ಅಪ್ಪಾ, ತಂಗಿ ಮದ್ವೆ ನಾನೇ ಮಾಡ್ತೀನಿ" ಎಂದರು. ಕಾಗೆ ಕದಲಲಿಲ್ಲ. ಅಷ್ಟರಲ್ಲಿ ಒಳಗಿನಿಂದ, ಎರಡು ದಿನ ಸುಮ್ಮನಿದ್ದ ಬೆಕ್ಕು ಒಮ್ಮೆ ಕೂಗಿತು.

ಅತ್ತೆ ಕಾಗೆಗೆ ಹೇಳಿದರು: "ಏನೂಂದ್ರೆ, ನಿಮ್ಮ ಬೆಕ್ಕನ್ನ ಕೂಡಾಕಿದೀವಿ ಅಂತ ತಾನೇ ಸಿಟ್ಟು? ಈಗ್ಲೇ ಬಿಡಿಸ್ತೀನಿ. ಬನ್ನಿ, ತಿನ್ನಿ."

ಕಾಗೆ ವಡೆ ಕಚ್ಚಿಕೊಂಡು ಹಾರಿತು. ನನಗೆ ಮೈ ಜುಂ ಎಂದಿತು.

"ನೋಡ್ದೇನೇ? ಹೋಗಿ ಮಂಕರಿ ಎತ್ತು."

"ಅತ್ತೆ, ಅಟ್ಟದಲ್ಲಿ ವಿಷ…"

"ಮಾತು ಕೊಟ್ಟಾಯ್ತು ಕಣೇ. ಅವ್ರೇ ಕಾಯ್ತಾರೆ, ಎತ್ತು."

ಎತ್ತಿದೆ. ಅಟ್ಟದ ಏಣಿಯನ್ನಾದರೂ ತೆಗೆದಿಡಬಹುದಿತ್ತು. ಹಾಳು ಹೊಟ್ಟೆ ಚುರುಗುಟ್ಟುತ್ತಿತ್ತು, ಊಟಕ್ಕೆ ಎಲೆ ಹಾಕಿಯಾಗಿತ್ತು. ನಾನು ಹೋಗಿ ಎಲೆಯ ಮುಂದೆ ಕೂತೆ. ಈ ತಪ್ಪನ್ನು ಅತ್ತೆಯ ತಲೆಗೆ ಕಟ್ಟಲಾರೆ.

ಮರುದಿನ ಬೆಳಿಗ್ಗೆ ಬೆಕ್ಕು ಮಾವನವರ ಕುರ್ಚಿಯ ಮೇಲೆ ಸುತ್ತಿಕೊಂಡು ಮಲಗಿತ್ತು. ಮುಟ್ಟಿದರೆ ತಣ್ಣಗಿತ್ತು. ಅತ್ತೆ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತೆಂಗಿನ ಬುಡದಲ್ಲಿ ತಾವೇ ಗುಂಡಿ ತೆಗೆದರು.

ಮುಂದಿನ ವರ್ಷ ಎಡೆ ಹಿಡಿದು ಹಿತ್ತಿಲಿಗೆ ಬಂದಾಗ ಕಾಗೆ ಆಗಲೇ ಗೋಡೆಯ ಮೇಲೆ ಕೂತಿತ್ತು. ಎಲೆಯಿಟ್ಟು ಕೈ ತೆಗೆಯುವ ಮೊದಲೇ ವಡೆಗೆ ಬಾಯಿ ಹಾಕಿತು. ನನ್ನ ಗಂಡನಿಗೆ ಸಂತೋಷ. "ನೋಡಮ್ಮ, ಅಪ್ಪಂಗೆ ಇನ್ನೇನೂ ಬೇಕಾಗಿಲ್ಲ" ಎಂದರು.

ಅತ್ತೆ ನನ್ನ ಮುಖ ನೋಡಿದರು. ಆ ದಿನ ನಾವಿಬ್ಬರೂ ಊಟ ಮಾಡಲಿಲ್ಲ.